ಗೋಡೆ ಏರಿದ ದುಂಡಪ್ಪ

ಮೂಡಲಗಿಯ ದುಂಡಪ್ಪನಿಗೆ ಬದುಕಿನಲ್ಲಿ ಏನೂ ಕಡಿಮೆಯಿರಲಿಲ್ಲ. ಬಸ್ಸು ನಿಲ್ಲುವ ಬೇವಿನ ಮರದ ಎದುರಿಗೇ ಕಿರಾಣಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಹುಕ್ಕೇರಿಯಿಂದ ತಂದ ಹೆಂಡತಿ ಪಾರವ್ವ, ಪಾರವ್ವನ ಕೈಯಲ್ಲಿ ರುಚಿ. ಇಷ್ಟಿದ್ದ ಮನುಷ್ಯ ಉಂಡು ತಿಂದು ಸುಮ್ಮನಿರಬೇಕಿತ್ತು. ಆದರೆ ಅವನ ತಲೆಗೆ ಒಂದು ಹುಳ ಹೊಕ್ಕಿತು. ಅದನ್ನು ಹೊತ್ತು ತಂದದ್ದು ಒಂದು ಎಣ್ಣೆಯ ಬಾಟಲಿ.

ಅದು ಮುಂಬೈ ಕಡೆಯಿಂದ ಬರುತ್ತಿದ್ದ ತಲೆಗೆ ಹಚ್ಚುವ ಎಣ್ಣೆ. ಬಾಟಲಿಯ ಚೀಟಿಯ ಮೇಲೆ ಎಣ್ಣೆ ಮಾಡಿದ ಮಾಲಕನದೇ ಚಿತ್ರ: ದುಂಡು ಮುಖ, ಕರಿ ಟೊಪ್ಪಿಗೆ, ಎರಡೂ ಕಡೆ ತಿರುವಿದ ಮೀಸೆ. ಸಂತೆಗೆ ಬಂದ ಹೆಂಗಸರು ಎಣ್ಣೆಯ ಹೆಸರು ಹೇಳುತ್ತಿರಲಿಲ್ಲ. “ಮೀಸಿ ಕಾಕಾನ ಎಣ್ಣಿ ಕೊಡ್ರಿ” ಅನ್ನುತ್ತಿದ್ದರು. ಕೆಲವರು ಬಾಟಲಿ ಖಾಲಿಯಾದ ಮೇಲೂ ಅದನ್ನು ತೊಳೆದು, ಮೀಸೆ ಕಾಕಾನ ಮುಖ ಹೊರಗೆ ಕಾಣುವಂತೆ ಗೂಡಿನಲ್ಲಿ ಇಡುತ್ತಿದ್ದರು. ದಿನಾ ಎದುರು ಕೂತು ಉಪ್ಪು, ಬೆಲ್ಲ, ಮೆಣಸಿನಕಾಯಿ ತೂಗಿ ಕೊಡುವ ದುಂಡಪ್ಪ ಅವರ ಬಾಯಲ್ಲಿ ಬರೀ ‘ಅಂಗಡಿಯಾಂವ’. ಮುಂಬೈಯಲ್ಲಿ ಕೂತ, ಇವರ ಊರಿನ ಹೆಸರೂ ಕೇಳದ ಮನುಷ್ಯ ಕಾಕಾ! ದುಂಡಪ್ಪನಿಗೆ ಹೊಟ್ಟೆ ಉರಿಯಿತು. ಅವನೂ ಮೀಸೆ ಬೆಳೆಸಿದ. ಮೀಸೆ ಚೆನ್ನಾಗಿಯೇ ಬಂತು, ಆದರೆ ಯಾರೂ ಕಾಕಾ ಅನ್ನಲಿಲ್ಲ.

“ಆ ಬಾಟ್ಲಿಯಾಂವ ಖರೇನ ಬದುಕ್ಯಾನೋ, ಇಲ್ಲಾ ಹೋಗ್ಯಾನೋ?” ಎಂದು ಪಾರವ್ವ ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು.

“ಬದುಕ್ಯಾನೋ ಸತ್ತಾನೋ, ಯಾರಿಗೆ ಗೊತ್ತು? ಆದ್ರ ನಾಕು ಜಿಲ್ಲಾದಾಗ ಅದಾನ. ನಾ ಬದುಕೀನಿ. ಈ ಬೇವಿನ ಗಿಡಾ ದಾಟಿದ್ರ ಎಲ್ಲೂ ಇಲ್ಲ.”

ಪಾರವ್ವ ಅವನ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದಳು. ಗಂಡನ ತಲೆ ಬಿಸಿಯಾದಾಗ ಅವಳಿಗೆ ಗೊತ್ತಿದ್ದ ಔಷಧಿ ಅದೊಂದೇ.

ಅದು ಕ್ಯಾಲೆಂಡರಿನ ಕಾಲ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು, ನಮ್ಮ ಸೀಮೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಕಾಲು ಊರುತ್ತಿತ್ತು. ದೀಪಾವಳಿ ಬಂತೆಂದರೆ ಗೋಕಾಕದ ದೊಡ್ಡ ವ್ಯಾಪಾರಿಗಳು ಗಿರಾಕಿಗಳಿಗೆ ಬಣ್ಣದ ಕ್ಯಾಲೆಂಡರು ಹಂಚುತ್ತಿದ್ದರು. ಮೇಲೆ ದೇವರು, ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ ತಾರೀಖು. ಬೀಡಿ ಕಾರಖಾನೆಯವರು ಸರಸ್ವತಿಯನ್ನು ಕೊಡುತ್ತಿದ್ದರು, ಸೈಕಲ್ ಅಂಗಡಿಯವರು ಗರುಡನ ಮೇಲೆ ಕೂತ ವಿಷ್ಣುವನ್ನು. ಬೀಡಿಗೂ ಸರಸ್ವತಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಬಣ್ಣದಲ್ಲಿ ಅಚ್ಚಾದ ಯಾವ ಚಿತ್ರವೇ ಇರಲಿ, ಅದಕ್ಕೆ ಚೌಕಟ್ಟು ಹಾಕಿಸಿ, ಒಂದು ಬೊಟ್ಟು ಕುಂಕುಮ ಇಟ್ಟು, ಒಂದು ಹೂವು ಏರಿಸಿಯೇ ಗೋಡೆಗೆ ತೂಗು ಹಾಕಬೇಕು. ಹಾಗೆ ಮಾಡದೆ ಬಿಡುವ ಧೈರ್ಯ ಯಾವ ಮನೆಯ ಹೆಂಗಸಿಗೂ ಇರಲಿಲ್ಲ.

ಚೌಕಟ್ಟು ಹಾಕುವವನು ಕಾಜಿನ ಜಾಫರಸಾಬ. ಗೋಕಾಕದವನು. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಅದರಲ್ಲಿ ಕಾಜು ಅಂದರೆ ಗಾಜಿನ ಹಲಗೆ, ಕಟ್ಟಿಗೆಯ ಪಟ್ಟಿ, ಸಣ್ಣ ಮೊಳೆ, ಒಂದು ಹರಿತವಾದ ಬ್ಲೇಡು ಇಟ್ಟುಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳನ್ನು ಸುತ್ತುತ್ತಿದ್ದ. ಅವನದೊಂದು ಪದ್ಧತಿಯಿತ್ತು. ಕ್ಯಾಲೆಂಡರು ಕೈಗೆ ಬಂದೊಡನೆ ಮೊದಲು ಬ್ಲೇಡು ತೆಗೆದು ಕೆಳಗಿನ ಅಂಗಡಿಯ ಹೆಸರನ್ನೂ ತಾರೀಖನ್ನೂ ಸರಕ್ಕನೆ ಕತ್ತರಿಸಿ ಹಾಕುತ್ತಿದ್ದ. ಉಳಿದ ದೇವರಿಗೆ ಕಾಜು ಕೂಡಿಸುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ.

ಹಿಂದಿನ ವರ್ಷ ದುಂಡಪ್ಪನೂ ಕೈ ಬಿಚ್ಚಿ ಖರ್ಚು ಮಾಡಿ ಲಕ್ಷ್ಮಿಯ ಕ್ಯಾಲೆಂಡರು ಮಾಡಿಸಿದ್ದ. ಲಕ್ಷ್ಮಿಯ ಪಾದದ ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು. ಯುಗಾದಿಯ ಹೊತ್ತಿಗೆ ಲಕ್ಷ್ಮಿ ಮನೆಮನೆಯಲ್ಲೂ ಕೂತಿದ್ದಳು. ದುಂಡಪ್ಪ ಮಾತ್ರ ಜಾಫರಸಾಬನ ಪೆಟ್ಟಿಗೆಯ ತಳದಲ್ಲಿ ಚೂರು ಚೂರಾಗಿ ಬಿದ್ದಿದ್ದ. ಸಂತೆಯಲ್ಲಿ ಅದು ಕಣ್ಣಿಗೆ ಬಿದ್ದಾಗ ಅವನಿಗೆ ಸಿಟ್ಟು ನೆತ್ತಿಗೇರಿತು.

“ಏ ಜಾಫರಸಾಬ, ರೊಕ್ಕಾ ಕೊಟ್ಟಾಂವ ನಾನು. ನನ್ನ ಹೆಸರು ಯಾಕ ಕತ್ತರಿಸ್ತಿ?”

“ದೇವರನ್ನ ಕೊಟ್ರಿ, ದೇವರನ್ನ ಕಾಜಿನಾಗ ಕೂಡ್ಸೀನಿ. ಮಂದಿ ಊದಿನಕಡ್ಡಿ ಹಚ್ಚೂದು ಲಕ್ಷ್ಮಿಗೋ, ನಿಮ್ಮ ಉಪ್ಪು ಮೆಣಸಿನಕಾಯಿಗೋ?” ಜಾಫರಸಾಬ ಕೆಲಸ ನಿಲ್ಲಿಸದೆಯೇ ಹೇಳಿದ.

“ಇನ್ನ ಮ್ಯಾಲ ನನ್ನ ಹೆಸರಿಗೆ ಬ್ಲೇಡು ಹಚ್ಚಿದ್ರ ನೋಡು!”

“ಆತ್ರಿ. ನಿಮ್ಮ ಹೆಸರು ಮುಟ್ಟೂದಿಲ್ಲ,” ಎಂದು ಜಾಫರಸಾಬ ಮಾತು ಕೊಟ್ಟ. ಆ ಮಾತನ್ನು ಅವನು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡನೆಂದರೆ, ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ಆ ವರ್ಷವಿಡೀ ದುಂಡಪ್ಪ ಒಂದೇ ವಿಚಾರ ಮಾಡಿದ. ದೇವರಿದ್ದರೆ ತಾನೇ ತನ್ನನ್ನು ಕತ್ತರಿಸುವುದು? ದೇವರನ್ನೇ ಬಿಟ್ಟರೆ? ಮೀಸೆ ಕಾಕಾನ ಬಾಟಲಿಯ ಮೇಲೆ ಯಾವ ದೇವರಿದ್ದಾನೆ? ಹೊಸ ಕ್ಯಾಲೆಂಡರಿನ ಮೇಲೆ ಲಕ್ಷ್ಮಿಯೂ ಬೇಡ, ಗಣಪತಿಯೂ ಬೇಡ, ತಾನೇ ಕೂಡಬೇಕೆಂದು ನಿಶ್ಚಯ ಮಾಡಿದ. ಪಾರವ್ವನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಬದುಕಿದ್ದವರ ಫೋಟೋ ಗ್ವಾಡಿಗೆ ಹಾಕ್ತಾರೇನ್ರಿ?”

“ಮುಂಬೈದಾಗ ಹಾಕ್ತಾರ.”

“ಇದು ಮೂಡಲಗಿ,” ಅಂದಳು ಪಾರವ್ವ. ದುಂಡಪ್ಪನ ಕಿವಿಗೆ ಅದು ಬೀಳಲಿಲ್ಲ. ಅವನು ಆಗಲೇ ಬಣ್ಣದಲ್ಲಿ ಅಚ್ಚಾಗಿ ಹೋಗಿದ್ದ.

ಫೋಟೋ ತೆಗೆಸಲು ಗೋಕಾಕಕ್ಕೆ ಹೋದ. ಅಲ್ಲಿ ಇದ್ದದ್ದು ಒಂದೇ ಸ್ಟುಡಿಯೋ, ಹಿಂದೆ ಗೋಕಾಕ ಫಾಲ್ಸಿನ ಚಿತ್ರ ಬರೆದ ಪರದೆ, ಮುಂದೆ ಒಂದು ಕುರ್ಚಿ. ಇಲ್ಲಿ ಒಂದು ಮಾತು ಹೇಳಬೇಕು. ದುಂಡಪ್ಪನ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೈ ತೊಳೆದು, ಒಳ್ಳೆಯ ಬಟ್ಟೆ ಉಡಿಸಿ, ತಲೆಗೆ ಪಟಗಾ ಸುತ್ತಿ, ಹಣೆಗೆ ವಿಭೂತಿ ಬಳಿದು, ಮಾಲೆ ಹಾಕಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಉಳ್ಳವರಾದರೆ ಆವಾಗ ಒಂದು ಫೋಟೋ ತೆಗೆಸುತ್ತಾರೆ. ಬಹಳ ಮಂದಿಗೆ ಹುಟ್ಟಿದಾಗಿನಿಂದ ಅದೇ ಮೊದಲ ಫೋಟೋ, ಅದೇ ಕೊನೆಯದು. ಸ್ಟುಡಿಯೋದವನ ದಂಧೆ ನಡೆಯುತ್ತಿದ್ದದ್ದೂ ಅಂಥ ಮನೆಗಳಲ್ಲಿಯೇ. ಅವನಿಗೆ ಒಂದೇ ನಮೂನೆ ಗೊತ್ತಿತ್ತು.

ದುಂಡಪ್ಪ ಹೆಂಡತಿಯ ಅಣ್ಣ ದುರ್ಗಪ್ಪನ ಕರಿ ಕೋಟು ತೊಟ್ಟಿದ್ದ. ತಲೆಗೆ ಹೊಸ ಪಟಗಾ. ಲಕ್ಷಣವಾಗಿ ಕಾಣಲೆಂದು ಹಣೆ ತುಂಬ ವಿಭೂತಿ. ಸ್ಟುಡಿಯೋದವನು ಅವನ ಗದ್ದ ಹಿಡಿದು ಎತ್ತಿದ, ಕೈಗಳನ್ನು ತೊಡೆಯ ಮೇಲೆ ಇಟ್ಟ, ಭುಜ ಸರಿಪಡಿಸಿದ. “ಉಸುರು ಬಿಡಬ್ಯಾಡ್ರಿ. ಕಣ್ಣು ಮಿಟಕಸಬ್ಯಾಡ್ರಿ. ನಗಬ್ಯಾಡ್ರಿ,” ಅಂದ. ದುಂಡಪ್ಪ ಕಲ್ಲಿನಂತೆ ಕೂತ. ಅಷ್ಟು ಸಹಕಾರ ಕೊಡುವ ಗಿರಾಕಿ ಸ್ಟುಡಿಯೋದವನಿಗೆ ಹೊಸಬನಲ್ಲ.

ಬೆಳಗಾವಿಯ ಛಾಪಖಾನೆಯಲ್ಲಿ ಅಚ್ಚಾಗಿ ಬಂತು. ಬಣ್ಣ ಹಚ್ಚುವವನು ಕೆನ್ನೆಗೆ ಕೊಂಚ ಅರಿಶಿನದ ಛಾಯೆ ಕೊಟ್ಟಿದ್ದ. ಚಿತ್ರದ ಕೆಳಗೆ ಹೆಸರು, ಹೆಸರಿನ ಕೆಳಗೆ ದೊಡ್ಡದಾಗಿ ೧೯೫೮, ಅದರ ಕೆಳಗೆ ಕಿರಾಣಿ ಅಂಗಡಿ, ಉಪ್ಪು ಬೆಲ್ಲದ ವಿವರ, ಆಮೇಲೆ ತಾರೀಖುಗಳು. ದುಂಡಪ್ಪ ಸಂತೆಗೆ ಬಂದವರಿಗೆಲ್ಲ ಹಂಚಿದ. ಒಂದು ಕಟ್ಟನ್ನು ದುರ್ಗಪ್ಪನ ಕೈಯಲ್ಲಿ ಹುಕ್ಕೇರಿಗೂ ಕಳಿಸಿದ. ದುರ್ಗಪ್ಪ ಮಾತು ಕಡಿಮೆಯ ಮನುಷ್ಯ. ಯಾರಿಗೆ ಕೊಟ್ಟರೂ ಏನನ್ನೂ ಹೇಳದೆ ಕೈಗಿಟ್ಟು ಹೋದ.

ಮಂದಿ ರೂಢಿಯಂತೆ ಕ್ಯಾಲೆಂಡರನ್ನು ಜಾಫರಸಾಬನ ಹತ್ತಿರ ತಂದರು. ಜಾಫರಸಾಬ ರೂಢಿಯಂತೆ ಬ್ಲೇಡು ತೆಗೆದ. ಅಂಗಡಿ ಹೋಯಿತು, ಉಪ್ಪು ಬೆಲ್ಲ ಹೋಯಿತು, ತಾರೀಖು ಹೋಯಿತು. ಹೆಸರಿನ ಹತ್ತಿರ ಬಂದಾಗ ಅವನಿಗೆ ಕೊಟ್ಟ ಮಾತು ನೆನಪಾಯಿತು. ಹೆಸರನ್ನೂ, ಅದಕ್ಕೆ ಅಂಟಿಕೊಂಡೇ ಇದ್ದ ವರ್ಷವನ್ನೂ ಜತನದಿಂದ ಉಳಿಸಿ ಕಾಜು ಕೂಡಿಸಿದ. ಪಟಗಾ ಸುತ್ತಿ, ವಿಭೂತಿ ಹಚ್ಚಿ, ಉಸಿರಿಲ್ಲದೆ ಕೂತ ಮನುಷ್ಯ. ಕೆಳಗೆ ಹೆಸರು. ಅದರ ಕೆಳಗೆ ಇಸವಿ. ಇಂಥ ಫೋಟೋ ಮನೆಗೆ ಬಂದರೆ ಏನು ಮಾಡಬೇಕೆಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಲೆ ಹಾಕಿದರು.

ಮೂಡಲಗಿಯವರಿಗೆ ದುಂಡಪ್ಪ ಕಣ್ಣೆದುರಿಗೇ ಇದ್ದ, ಹಾಗಾಗಿ ಅಲ್ಲಿ ಏನೂ ಆಗಲಿಲ್ಲ. ಆದದ್ದೆಲ್ಲ ದೂರದ ಊರುಗಳಲ್ಲಿ. ದುಂಡಪ್ಪನಿಗೆ ಸುದ್ದಿ ತಿಳಿದದ್ದು ನಿಡಸೋಸಿ ಕಡೆಯ ಭೀಮರಾಯನಿಂದ. ಎತ್ತು ಕೊಳ್ಳಲು ಬಂದ ಆ ರೈತ ಅಂಗಡಿಯ ಮುಂದೆ ನಿಂತು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ನೀವು ತಮ್ಮಾರೇನ್ರಿ?”

“ಯಾರ ತಮ್ಮ?”

“ದುಂಡಪ್ಪನವರ್ದು. ಪಾಪ, ಹೋಗಿಬಿಟ್ರಲ್ರಿ. ನಿಮ್ಮ ಮುಖಾ ನೋಡಿದ್ರ ಅವರನ್ನ ನೋಡಿದಂಗ ಆತು.”

“ನಾನ ದುಂಡಪ್ಪ!”

ಭೀಮರಾಯ ಸ್ವಲ್ಪ ಹೊತ್ತು ವಿಚಾರ ಮಾಡಿ ತಲೆಯಾಡಿಸಿದ. “ಅಣ್ಣನ ಹೆಸರು ನೀವ ನಡೆಸಾಕತ್ತೀರಿ ಅನ್ರಿ. ಚೊಲೋ ಮಾಡಿದ್ರಿ. ತೂಕ ಒಂಚೂರು ಹಿಂದ ಮುಂದ ಮಾಡ್ತಿದ್ರಂತ ಅಂತಾರ. ಇರಲಿ ಬಿಡ್ರಿ, ಹೋದವರ ಸುದ್ದಿ ಯಾಕ.”

ತಾನು ಸತ್ತ ಸುದ್ದಿಗಿಂತ ಆ ತೂಕದ ಮಾತೇ ದುಂಡಪ್ಪನಿಗೆ ಹೆಚ್ಚು ಚುಚ್ಚಿತು. ಭೀಮರಾಯನಿಗೆ ಬೆಲ್ಲ ತೂಗುವಾಗ ತಕ್ಕಡಿ ಅವನ ಕಡೆಗೇ ಸಾಕಷ್ಟು ವಾಲಿತು. ಆದರೂ ಒಳಗೊಳಗೇ ಅವನಿಗೆ ಖುಷಿಯಾಗದೆ ಇರಲಿಲ್ಲ. ನಿಡಸೋಸಿಯ ಮನುಷ್ಯ ತನ್ನ ಮುಖ ಗುರುತು ಹಿಡಿದಿದ್ದ!

ಆ ಖುಷಿ ಮಧ್ಯಾಹ್ನದ ಬಸ್ಸು ಬರುವ ತನಕ ಉಳಿಯಿತು. ಬಸ್ಸಿನಿಂದ ದುರ್ಗಪ್ಪ ಇಳಿದ. ಪಾರವ್ವ ತನ್ನ ದೊಡ್ಡವ್ವನ ಮೊಮ್ಮಗಳ ಮದುವೆಗೆಂದು ಹುಕ್ಕೇರಿಗೆ ಹೋಗಿದ್ದಳು. ಮಾತು ಕಡಿಮೆಯ ದುರ್ಗಪ್ಪ ಅವತ್ತು ಎಲ್ಲವನ್ನೂ ಹೇಳಿದ.

ಮದುವೆ ನಡೆದದ್ದು ಗಂಡಿನವರ ಮನೆಯಲ್ಲಿ, ಅವರು ದುಂಡಪ್ಪನ ಹೆಸರು ಕೇಳಿದ್ದರೇ ಹೊರತು ಅವನನ್ನು ಕಂಡವರಲ್ಲ. ಅಲ್ಲಿಯ ಪಡಸಾಲೆಯಲ್ಲಿಯೇ ಅವನ ಫೋಟೋ ತೂಗುತ್ತಿತ್ತು. ಸೇವಂತಿಗೆ ಮಾಲೆ, ಮುಂದೆ ಊದಿನಕಡ್ಡಿ. ಪಾರವ್ವ ಅದನ್ನು ನೋಡಿ ನಿಂತಲ್ಲೇ ನಿಂತಳು. ಅಷ್ಟರಲ್ಲಿ ಹೆಂಗಸರು ಪಿಸುಗುಟ್ಟಲು ಶುರು ಮಾಡಿದ್ದರು: ಗಂಡ ಹೋಗ್ಯಾನ, ಹಣಿ ತುಂಬ ಕುಂಕುಮಾ ಇಟಗೊಂಡು ಮದಿವಿಗೆ ಬಂದಾಳಲ್ಲ! ಶಿವವ್ವ ಅನ್ನುವ ಹೆಂಗಸು ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಿನಲ್ಲಿ ಬಂದಳು. ಪಾರವ್ವನ ಆಚೆ ಕೂತವಳಿಗೆ ಕುಂಕುಮ ಕೊಟ್ಟಳು, ಈಚೆ ಕೂತವಳಿಗೆ ಕೊಟ್ಟಳು. ಪಾರವ್ವ ಹಣೆ ಮುಂದೆ ಮಾಡಿಕೊಂಡೇ ಕೂತಿದ್ದಳು. ತಟ್ಟೆ ಅವಳನ್ನು ದಾಟಿ ಹೋಯಿತು.

“ಅಕಿ ಅಳಲಿಲ್ಲೋ ದುಂಡಪ್ಪ,” ಅಂದ ದುರ್ಗಪ್ಪ. “ಎದ್ದು ತವರಿಗೆ ಬಂದು ಕುಂತಾಳ. ಮಾಲಿ ಹಾಕಿದ ಒಂದು ಫೋಟೋ ಗ್ವಾಡಿ ಮ್ಯಾಲ ಇರೂತನಕ ಮೂಡಲಗಿ ಹೊಸ್ತಿಲಾ ತುಳ್ಯಾಂಗಿಲ್ಲ ಅಂದಾಳ.”

ದುಂಡಪ್ಪ ನಗಲು ನೋಡಿದ. ನಗೆ ಬರಲಿಲ್ಲ. ಮುಂದೆ ಮಾಡಿದ ಆ ಹಣೆ ಅವನ ಕಣ್ಣಿಗೆ ಕಟ್ಟಿತು. ತನ್ನ ಮೀಸೆಯ ಮೇಲೆ ತನಗೇ ನಾಚಿಕೆಯಾಯಿತು. ಒಳಗೆ ಹೋದರೆ ಒಲೆ ತಣ್ಣಗಿತ್ತು. ಪಾರವ್ವ ಇಲ್ಲದ ಆ ಮನೆ ಅವನಿಗೆ ಬೇಡವಾಯಿತು. ಅಂಗಡಿಯ ಬಾಗಿಲು ಹಾಕಿ ಸೈಕಲ್ಲು ಹತ್ತಿ ಗೋಕಾಕದ ಹಾದಿ ಹಿಡಿದ.

ಜಾಫರಸಾಬ ಕಥೆ ಕೇಳಿ ಬಹಳ ಹೊತ್ತು ಗಡ್ಡ ನೀವಿದ. “ಹೆಸರು ಕತ್ತರಿಸಬ್ಯಾಡ ಅಂದ್ರಿ. ಕತ್ತರಿಸಲಿಲ್ಲ. ನಂದೇನು ತಪ್ಪೈತಿ ಹೇಳ್ರಿ.”

“ತಪ್ಪು ನಂದ ಐತಿ. ಈಗ ನನ್ನನ್ನ ಗ್ವಾಡಿಯಿಂದ ಇಳಿಸು ಮಾರಾಯ.”

ಇಬ್ಬರೂ ಹೊರಟರು. ಜಾಫರಸಾಬನ ಪೆಟ್ಟಿಗೆಯ ತುಂಬ ದೇವರ ಚಿತ್ರ, ದುಂಡಪ್ಪನ ಸೈಕಲ್ಲಿಗೆ ಒಂದು ಖಾಲಿ ಚೀಲ. ದುಂಡಪ್ಪನನ್ನು ಕೊಟ್ಟವರಿಗೆ ಬದಲಿಗೆ ದೇವರು. ಗೋಡೆ ಏರಲು ದುಂಡಪ್ಪನಿಗೆ ಒಂದು ದೀಪಾವಳಿ ಸಾಕಾಗಿತ್ತು, ಇಳಿಯುವುದು ಅಷ್ಟು ಸಲೀಸಾಗಲಿಲ್ಲ. ಹುಕ್ಕೇರಿಯಲ್ಲಿ ಒಬ್ಬ ಮುದುಕಿ ಬಾಗಿಲು ತೆರೆದವಳು ಇವನ ಮುಖ ನೋಡಿ, ಒಳಗಿನ ಫೋಟೋ ನೋಡಿ, ಬಾಗಿಲು ಹಾಕಿಕೊಂಡಳು. ಜಾಫರಸಾಬ ಹೊರಗಿನಿಂದಲೇ ದುಂಡಪ್ಪನ ಕಾಲು ನೆಲಕ್ಕೆ ತಾಗಿವೆಯೆಂದು ಕೂಗಿ ಹೇಳಬೇಕಾಯಿತು. ಮದುವೆ ಮನೆಯವರು ಬಹಳ ಮರ್ಯಾದೆಯಿಂದ ಚಹಾ ಕೊಟ್ಟರು. ಆದರೆ ಕೂಡಿಸಿದ್ದು ಅವನದೇ ಫೋಟೋದ ಕೆಳಗೆ. ತನಗೇ ಹಚ್ಚಿದ ಊದಿನಕಡ್ಡಿಯ ಹೊಗೆ ಕುಡಿದು ದುಂಡಪ್ಪ ಕೆಮ್ಮಿದ. ಅಲ್ಲಿಯೇ ಶಿವವ್ವ ಎದುರು ಬಂದಳು, ಅವನನ್ನು ಕಂಡು ಸೆರಗು ಬಾಯಿಗೆ ಹಿಡಿದು ಅತ್ತೇಬಿಟ್ಟಳು. ಅವಳನ್ನು ಬೈಯಬೇಕೆಂದು ಬಂದವನು ಅವಳನ್ನೇ ಸಮಾಧಾನ ಮಾಡಿದ.

ಇನ್ನೊಂದು ಮನೆಯಲ್ಲಿ ಫೋಟೋ ಇಳಿಸಿದ ಮೇಲೆ ಮಕ್ಕಳು ಕುಣಿದಾಡಿದವು. ಊಟ ಮಾಡದಿದ್ದರೆ ಗೋಡೆಯ ಮುತ್ಯಾ ಇಳಿದು ಬರುತ್ತಾನೆಂದು ಅವ್ವ ಹೆದರಿಸುತ್ತಿದ್ದಳಂತೆ. ಮತ್ತೊಂದು ಮನೆಯ ಸೊಸೆ ಜಾಫರಸಾಬನ ದೇವರುಗಳನ್ನು ಒಂದೊಂದಾಗಿ ತಿರುವಿ ನೋಡಿ, “ಇವೆಲ್ಲಾ ನಮ್ಮನ್ಯಾಗ ಅದಾವು. ಎಣ್ಣಿ ಬಾಟ್ಲಿ ಮೀಸಿ ಕಾಕಾ ಇದ್ರ ಕೊಡ್ರಿ” ಅಂದಳು. ದುಂಡಪ್ಪ ಸೈಕಲ್ಲು ಹತ್ತಿದ.

ಹೀಗೆ ಊರೂರು ಸುತ್ತಿ ಚೀಲ ತುಂಬುತ್ತ ಬಂತು. ಕೊನೆಗೆ ಉಳಿದದ್ದು ಮೇಳವಂಕಿ, ಅಲ್ಲಿ ಊರ ಅಂಚಿನ ಒಂದು ಮನೆ. ಅಲ್ಲಿ ಕೆಂಪವ್ವ ಅನ್ನುವ ಒಂಟಿ ಹೆಂಗಸು ಇದ್ದಳು. ಹೊಲದ ಕೂಲಿ ಮಾಡುವವಳು. ಬಾಗಿಲಲ್ಲಿ ಇವನನ್ನು ಕಂಡವಳೇ, “ಬರ್ರಿ ದುಂಡಪ್ಪನಾರ” ಅಂದಳು.

ದುಂಡಪ್ಪನಿಗೆ ಆಶ್ಚರ್ಯವಾಯಿತು. ಇಷ್ಟು ದಿನದಲ್ಲಿ ಕಂಡೊಡನೆ ಅವನನ್ನು ಬದುಕಿದ್ದವನೆಂದು ಕರೆದವಳು ಅವಳೊಬ್ಬಳೇ. ಆದರೆ ಒಳಗೆ ನೋಡಿದರೆ ಗೋಡೆಯ ಮೇಲೆ ಅವನೇ, ಕೊರಳಿಗೆ ಅವತ್ತೇ ಕಟ್ಟಿದ ಹೂವಿನ ಮಾಲೆ.

“ನಾ ಸತ್ತಿಲ್ಲ ಅನ್ನೂದು ನಿನಗ ಗೊತ್ತೈತೇನವ್ವಾ?”

“ಸಂತಿಗೊಮ್ಮೆ ನಿಮ್ಮ ಅಂಗಡ್ಯಾಗ ಉಪ್ಪು ಒಯ್ಯಾಕಿ ನಾನು. ನೀವು ಯಾಕ ಸಾಯ್ತೀರಿ?”

“ಮತ್ತ ಈ ಮಾಲಿ?”

“ಅದು ನಿಮಗಲ್ರಿ,” ಅಂದಳು ಕೆಂಪವ್ವ. “ನಮ್ಮ ಯಜಮಾನರಿಗೆ.”

ಅವಳ ಗಂಡ ಉದ್ದಪ್ಪ ಗೋಕಾಕದ ಮಿಲ್ಲಿಗೆ ಹತ್ತಿಯ ಗಾಡಿ ಹೊಡೆಯುತ್ತಿದ್ದನಂತೆ. ಒಂದು ಸುಗ್ಗಿಯಲ್ಲಿ ದೂರದಿಂದ ಹತ್ತಿ ಹೇರಿಕೊಂಡು ಬರುವಾಗ ಹಾದಿಯಲ್ಲೇ ಜ್ವರ ಬಂದು ತೀರಿಕೊಂಡ. ಯಾವುದೋ ಊರಿನವರು ಅಲ್ಲಿಯೇ ಮಣ್ಣು ಮಾಡಿದರು. ಸುದ್ದಿಯ ಜೊತೆಗೆ ಮನೆಗೆ ಬಂದದ್ದು ಎತ್ತುಗಳಷ್ಟೇ.

“ಕೂಡ್ರಸಲಿಲ್ಲ, ಪಟಗಾ ಸುತ್ತಲಿಲ್ಲ. ಫೋಟೋ ಅಂತೂ ನಮಗೆಲ್ಲೀದು. ಕಡೀಕ ಮುಖಾನೂ ನಾ ನೋಡಲಿಲ್ರಿ. ಈಗೀಗ ಮರವು ಆಗಾಕತ್ತಿತ್ತು. ಮೂಗು ನೆನಪೈತಿ, ಮೀಸಿ ನೆನಪೈತಿ, ಕಣ್ಣ ಮಾತ್ರ ಬರವಲ್ಲವಾಗಿದ್ದವು. ಇದನ್ನ ನೀವು ಕೊಟ್ರಿ. ನೋಡಿದೆ. ಮೀಸಿ ಹಂಗ ಇತ್ತು. ಕಣ್ಣೂ ಹಿಂಗ ಇದ್ದಾವು ಅಂದ್ಕೊಂಡೆ. ಹೂವು ಹಾಕಿದೆ. ತಪ್ಪಾತೇನ್ರಿ?”

ದುಂಡಪ್ಪ ಪಾರವ್ವನ ಸಂಗತಿ ಹೇಳಿದ. ಕೆಂಪವ್ವ ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ಮಾಲೆ ತೆಗೆದಳು, ಫೋಟೋ ಇಳಿಸಿದಳು, ಸೆರಗಿನಿಂದ ಕಾಜು ಒರೆಸಿ ಅವನ ಕೈಗೆ ಕೊಟ್ಟಳು.

“ಒಯ್ರಿ. ಬದುಕಿದ್ದ ಮನಿ ಮುರೀಬಾರ್ದು.”

ಜಾಫರಸಾಬ ಪೆಟ್ಟಿಗೆ ತೆರೆದು ಅವಳ ಮುಂದೆ ದೇವರುಗಳನ್ನು ಹರಡಿದ. ಅವಳು ನೋಡಲಿಲ್ಲ, ಗೋಡೆಯಲ್ಲಿ ಉಳಿದ ಮೊಳೆಯನ್ನೇ ನೋಡುತ್ತಿದ್ದಳು. ದುಂಡಪ್ಪ ಫೋಟೋವನ್ನು ಚೀಲಕ್ಕೆ ಹಾಕಲು ಹೋದ. ಕೈ ಬರಲಿಲ್ಲ. ಇಷ್ಟು ವರ್ಷ ಯಾವ ಮುಖವನ್ನು ಗೋಡೆಗೇರಿಸಬೇಕೆಂದು ಒದ್ದಾಡಿದ್ದನೋ ಆ ಮುಖದಲ್ಲಿ ಅವನಿಗೆ ಮೊದಲ ಸಲ ತಾನು ಕಾಣಲಿಲ್ಲ. ಮತ್ತೆ ಗೋಡೆಯ ಹತ್ತಿರ ಹೋಗಿ ತನ್ನ ಕೈಯಿಂದಲೇ ಅದನ್ನು ಮೊಳೆಗೆ ಸಿಕ್ಕಿಸಿದ. ಓರೆಯಾಗಿದ್ದದ್ದನ್ನು ಸರಿಮಾಡಿದ.

ಹುಕ್ಕೇರಿಯಲ್ಲಿ ಪಾರವ್ವನ ಮುಂದೆ ಚೀಲ ಸುರುವಿದಾಗ ಪಡಸಾಲೆಯ ತುಂಬ ದುಂಡಪ್ಪ ಆದ. ಅಷ್ಟು ಗಂಡಂದಿರನ್ನು ಒಟ್ಟಿಗೆ ನೋಡಿ ಪಾರವ್ವನ ತುಟಿ ಒಂದಿಷ್ಟು ಸಡಿಲಾಯಿತು.

“ಎಲ್ಲಾ ಬಂದಾವೇನು?”

ಜಾಫರಸಾಬ ಕೆಮ್ಮಿದ. ಬಂದಿವೆ ಎಂದರೆ ಮುಗಿಯುತ್ತಿತ್ತು, ಮೇಳವಂಕಿಗೆ ಹೋಗಿ ನೋಡುವವರು ಯಾರು? ಆದರೆ ಪಾರವ್ವನ ಹಣೆ ನೋಡಿದಾಗ ದುಂಡಪ್ಪನಿಗೆ ಸುಳ್ಳು ಹೇಳಲಾಗಲಿಲ್ಲ.

“ಒಂದು ಉಳದೈತಿ. ನನ್ನ ಕೈಲಿ ತಗಿಯಾಕ ಆಗಲಿಲ್ಲ,” ಎಂದು ಎಲ್ಲವನ್ನೂ ಹೇಳಿದ.

ಪಾರವ್ವ ಮರುದಿನ ಅಣ್ಣನಿಗೆ ಗಾಡಿ ಕಟ್ಟಲು ಹೇಳಿದಳು. ಎಲ್ಲಿಗೆಂದು ಹೇಳಲಿಲ್ಲ, ದುಂಡಪ್ಪನಿಗೆ ಕೇಳುವ ಧೈರ್ಯವೂ ಇರಲಿಲ್ಲ. ಗಾಡಿಯ ಹಿಂದೆ ಅವನು ಸೈಕಲ್ಲು ತುಳಿದ, ಅವನ ಹಿಂದೆ ಜಾಫರಸಾಬ.

ಮೇಳವಂಕಿಯಲ್ಲಿ ಪಾರವ್ವ ನೇರವಾಗಿ ಒಳಗೆ ಹೋಗಿ ಫೋಟೋದ ಮುಂದೆ ನಿಂತಳು. ಮಾಲೆ ಮತ್ತೆ ಏರಿತ್ತು. ಕೆಂಪವ್ವ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದಳು.

“ಇವರು ಯಾರವ್ವಾ?” ಪಾರವ್ವ ಕೇಳಿದಳು.

ಕೆಂಪವ್ವ ಒಮ್ಮೆ ಬಾಗಿಲಲ್ಲಿ ನಿಂತ ದುಂಡಪ್ಪನನ್ನು ನೋಡಿದಳು. “ನಮ್ಮ ಯಜಮಾನರವ್ವಾ,” ಅಂದಳು.

“ಮತ್ತ ಕೆಳಗ ನಮ್ಮವರ ಹೆಸರು ಯಾಕಿರಬೇಕು?”

ದುಂಡಪ್ಪನೇ ಮುಂದೆ ಬಂದ. “ಜಾಫರಸಾಬ, ಬ್ಲೇಡು ತಗಿ.”

“ನೋಡ್ರಿ, ಆಮ್ಯಾಲ ಸಂತ್ಯಾಗ ಜಗಳಾ ತಗೀಬ್ಯಾಡ್ರಿ.”

“ಕತ್ತರಿಸೋ ಮಾರಾಯ!”

ಜಾಫರಸಾಬ ಚೌಕಟ್ಟು ಬಿಚ್ಚಿದ. ಸರಕ್ಕನೆ ಹೆಸರೂ ಇಸವಿಯೂ ಬಿದ್ದವು. ಕಾಜನ್ನು ಮತ್ತೆ ಕೂಡಿಸಿ ಗೋಡೆಗೆ ಹಾಕಿದಾಗ ಅಲ್ಲಿ ಕೂತವನು ದುಂಡಪ್ಪನಾಗಿರಲಿಲ್ಲ. ಕೆಂಪವ್ವ ಉಪ್ಪಿನ ಗಡಿಗೆಯ ಬಾಜೂ ಕೂತು ಸಣ್ಣಗೆ ಅತ್ತಳು.

ಹೊರಡುವಾಗ ಪಾರವ್ವ ಹೊಸ್ತಿಲ ಒಳಗೇ ನಿಂತಳು. “ಮುತ್ತೈದಿ ಮನಿಗೆ ಬಂದೀನಿ. ಬರೀ ಹಣೀಲೆ ಕಳಸ್ತಿಯೇನವ್ವಾ?”

“ನಾ ಹಚ್ಚಬಾರ್ದವ್ವಾ. ಗೂಡಿನಾಗ ಡಬ್ಬಿ ಐತಿ, ನೀನ ಹಚಗೋ.”

“ಹಚ್ಚಬೇಕಾದವರು ಹಚ್ಚದ ಹ್ವಾದರು. ನೀ ಹಚ್ಚು,” ಎಂದು ಪಾರವ್ವ ಹಣೆ ಮುಂದೆ ಮಾಡಿದಳು. ಕೆಂಪವ್ವ ಡಬ್ಬಿ ತೆರೆದಳು. ಎಷ್ಟೋ ವರ್ಷದಿಂದ ಮುಟ್ಟದ ಕುಂಕುಮ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಅವಳು ಇಟ್ಟ ಬೊಟ್ಟು ಸ್ವಲ್ಪ ಓರೆಯಾಯಿತು. ಪಾರವ್ವ ಅದನ್ನು ಸರಿಮಾಡಿಕೊಳ್ಳದೆ ಹಾಗೆಯೇ ಮೂಡಲಗಿಗೆ ಹೋದಳು.

ಕತ್ತರಿಸಿದ ಹೆಸರಿನ ಪಟ್ಟಿಯನ್ನು ಜಾಫರಸಾಬ ದುಂಡಪ್ಪನ ಕಿಸೆಗೆ ತುರುಕಿದ್ದ. ಪಾರವ್ವ ಬಟ್ಟೆ ಒಗೆಯುವಾಗ ಅದು ಸಿಕ್ಕಿತು. ಅವಳು ಅದನ್ನು ಗಂಜಿ ಹಚ್ಚಿ ಅಡಿಗೆಮನೆಯ ಖಾರಪುಡಿಯ ಡಬ್ಬಿಗೆ ಅಂಟಿಸಿದಳು. ದುಂಡಪ್ಪನ ಜಾಹೀರಾತು ಉಳಿದದ್ದು ಅಲ್ಲೊಂದೇ ಕಡೆ. ಮುಂದಿನ ದೀಪಾವಳಿಗೆ ಅವನು ಮತ್ತೆ ಲಕ್ಷ್ಮಿಯನ್ನೇ ಅಚ್ಚು ಹಾಕಿಸಿದ, ಹೆಸರನ್ನು ಕತ್ತರಿಸಲು ಸುಲಭವಾಗಲೆಂದು ಬಹಳ ಕೆಳಗೆ ಹಾಕಿಸಿದ. ಹೆಂಗಸರು ಮೀಸೆ ಕಾಕಾನ ಎಣ್ಣೆ ಕೇಳುತ್ತಲೇ ಇದ್ದರು, ಅವನು ಕೊಡುತ್ತಲೇ ಇದ್ದ. ತೂಕದ ಬಗ್ಗೆ ಮಾತ್ರ ನಿಡಸೋಸಿಯ ತನಕ ಯಾರೂ ಕೆಟ್ಟ ಮಾತಾಡಲಿಲ್ಲ.

ವಯಸ್ಸಾದ ಮೇಲೆ ಮೀಸೆ ತೆಗೆಸಿ ಎಂದು ಪಾರವ್ವ ಎಷ್ಟು ಹೇಳಿದರೂ ಅದೊಂದನ್ನು ಅವನು ಕೇಳಲಿಲ್ಲ. ಸಂತೆಗೆ ಕೆಂಪವ್ವ ಬಂದಾಗ ಅವಳ ಚೀಲಕ್ಕೆ ಉಪ್ಪು ಸುರಿಯುತ್ತ, ಬೇರೆಯವರಿಗೆ ಕೇಳಿಸದ ದನಿಯಲ್ಲಿ ಕೇಳುತ್ತಿದ್ದ:

“ಉದ್ದಪ್ಪ ಹೆಂಗದಾನವ್ವಾ?”

ಕೆಂಪವ್ವ ಅವನ ಮುಖವನ್ನು ಒಂದು ಗಳಿಗೆ ನೋಡುತ್ತಿದ್ದಳು.

“ಚೊಲೋ ಅದಾರ್ರಿ,” ಅನ್ನುತ್ತಿದ್ದಳು.